ಪದಚರ್ಚೆ: ‘ಫ್ರೇಮ್‌ವರ್ಕ್’ ಚೌಕಟ್ಟೋ ಹಂದರವೋ? ‘ಫೀಚರ್’ ವೈಶಿಷ್ಟ್ಯವೇ?

ಪ್ರಶ್ನೆ:
ಮಾನ್ಯರೇ, ವೆಬ್ ಅಪ್ಲಿಕೇಶನ್ ಒಂದರ ಯೋಜನಾಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಒಪ್ಪಿಸಬೇಕು. ಫ್ರೇಮ್‌ವರ್ಕ್ ಎಂಬಲ್ಲೆಲ್ಲ ‘ಚೌಕಟ್ಟು’ ಎಂದು ಬರೆಯುತ್ತಾ ಹೋದವನು ‘ರಿಯಾಕ್ಟ್ ಲೈಬ್ರರಿಯೇ ಹೊರತು ಚೌಕಟ್ಟಲ್ಲ, ಆಂಗ್ಯುಲರ್ ಚೌಕಟ್ಟು’ ಎಂಬ ವಾಕ್ಯದಲ್ಲಿ ನಿಂತುಬಿಟ್ಟೆ. ಎರಡೂ ವೆಬ್ ಪುಟ ಕಟ್ಟಲು ಬೇರೆಯವರು ಬರೆದಿಟ್ಟ ಸಿದ್ಧ ಕೋಡೇ; ಓದುವವರಿಗೆ ಇಲ್ಲಿ ವ್ಯತ್ಯಾಸವೇ ಹೊಳೆಯದು. ಇನ್ನೊಂದು ತೊಡಕು ಫೀಚರ್ ಪದದ್ದು. ‘ಮೊದಲ ಹಂತದಲ್ಲಿ ಲಾಗಿನ್, ಹುಡುಕಾಟ, ಪಾಸ್‌ವರ್ಡ್ ಬದಲಾವಣೆ ಎಂಬ ಮೂರು ವೈಶಿಷ್ಟ್ಯಗಳಿರುತ್ತವೆ’ ಎಂದು ಬರೆದಿದ್ದೇನೆ. ಎಲ್ಲ ತಾಣಗಳಲ್ಲೂ ಇರುವ ಲಾಗಿನ್ನಿನಲ್ಲಿ ವಿಶಿಷ್ಟವಾದದ್ದೇನು?

ಉತ್ತರ 1:
‘ಚೌಕಟ್ಟು’ ಬೇಡ. ಅದು ಹೊರಗಿನಿಂದ ಮೇರೆ ಹಾಕುತ್ತದೆ, ಏನನ್ನೂ ಹೊರುವುದಿಲ್ಲ. ನಿಮಗೆ ಬೇಕಾದದ್ದು ‘ಹಂದರ’. ಪಕಾರ ಹಕಾರವಾದ ಹಳೆಯ ದೇಸಿ ಮಾತು ಅದು. ತಮಿಳಿನ ‘ಪಂದಲ್’ ಪಕ್ಕದಲ್ಲಿಟ್ಟು ನೋಡಿದರೆ ನೆಂಟಸ್ತಿಕೆ ತಿಳಿಯುತ್ತದೆ. ಗೂಟ ನೆಟ್ಟು ಗಳ ಕಟ್ಟಿದ ಹಂದರದ ಮೇಲೆ ಹಬ್ಬುವ ಬಳ್ಳಿ ನಮ್ಮದಾದರೂ ಹಬ್ಬುವ ದಾರಿ ಹಂದರದ್ದು. ಲಾಗಿನ್, ತಾಣವನ್ನು ನಿರ್ವಹಿಸುವ ಅಡ್ಮಿನ್ ಪುಟ, ಡೇಟಾಬೇಸಿನ ಜೋಡಣೆ ಎಲ್ಲವನ್ನೂ ಸಿದ್ಧವಾಗಿ ಕೊಡುವ ಜ್ಯಾಂಗೊ ಎಂಬ ಫ್ರೇಮ್‌ವರ್ಕ್ ಹಂದರವಾದರೆ, ತನ್ನನ್ನು ಮೈಕ್ರೊಫ್ರೇಮ್‌ವರ್ಕ್ ಎಂದುಕೊಳ್ಳುವ ಫ್ಲಾಸ್ಕ್ ‘ಕಿರುಹಂದರ’. ‘ತಂತ್ರಾಂಶಹಂದರ’ ಎಂದು ಮಾತ್ರ ಬರೆಯಬೇಡಿ. ಸಂಸ್ಕೃತ ಪದಕ್ಕೆ ದೇಸಿ ಪದವನ್ನು ಹೊಸೆದ ಆ ಅರಿಸಮಾಸವನ್ನು ವ್ಯಾಕರಣಕಾರ ಕೇಶಿರಾಜ 13ನೆಯ ಶತಮಾನದಲ್ಲೇ ದೋಷವೆಂದಿದ್ದಾನೆ.

ಉತ್ತರ 2:
‘ಕಥಾಹಂದರ’ವೂ ಅರಿಸಮಾಸವೇ. ವಿಮರ್ಶಕರೆಲ್ಲ ಬರೆಯುತ್ತಾರೆ, ಯಾರಿಗೂ ಮೈಲಿಗೆಯಾಗಿಲ್ಲ. ಪೂರ್ವಕವಿಗಳ ಪ್ರಯೋಗಕ್ಕೂ ಬಿರುದಾವಳಿಗೂ ಕೇಶಿರಾಜನೇ ವಿನಾಯಿತಿ ಕೊಟ್ಟದ್ದನ್ನು ಹೇಳದೆ ಬಿಟ್ಟಿದ್ದೀರಿ. ಕೋಡ್ ಬರೆಯುವವರು ದಿನವಿಡೀ ಆಡುವ ಪದ ಫ್ರೇಮ್‌ವರ್ಕ್, ಹಾಗೆಯೇ ಬರೆಯಿರಿ. ಪಾರಸಿಯ ಕಾಗದವನ್ನೂ ಅರಬ್ಬಿಯ ಕುರ್ಚಿಯನ್ನೂ ಅರಗಿಸಿಕೊಂಡ ಭಾಷೆ ಇದಕ್ಕೆ ಬೆದರಬೇಕಾಗಿಲ್ಲ.

ಉತ್ತರ 1, ಮತ್ತೆ:
ಎರವಲಿಗೆ ನನ್ನ ವಿರೋಧವಿಲ್ಲ; ಕೈಯಲ್ಲಿರುವ ಪದವನ್ನು ಬಿಟ್ಟು ಎರವಲಿಗೆ ಕೈಚಾಚುವುದಕ್ಕೆ ಇದೆ. ಕವಿ ಆಂಡಯ್ಯ ತತ್ಸಮಗಳನ್ನು ದೂರವಿಟ್ಟು ಕಾವ್ಯವನ್ನೇ ಬರೆದ. ನಾವು ಒಂದು ಪದಕ್ಕೆ ಇಷ್ಟು ಸೋಲಬೇಕೆ?

ಉತ್ತರ 3:
ಆಂಡಯ್ಯ ತದ್ಭವಗಳನ್ನು ಬಿಡಲಿಲ್ಲ. ‘ಚೌಕ’ ತದ್ಭವ, ಆ ಲೆಕ್ಕದಲ್ಲಿ ‘ಚೌಕಟ್ಟು’ ಅವನಿಗೂ ಸಲ್ಲುತ್ತಿತ್ತು. ಅದಿರಲಿ. ನೀವಿಬ್ಬರೂ ಪದದ ಬೇರನ್ನು ಅಗೆಯುತ್ತಾ ವಾಕ್ಯವನ್ನು ಮರೆತಿದ್ದೀರಿ. ಲೈಬ್ರರಿಯನ್ನು ನಮ್ಮ ಕೋಡ್ ಕೆಲಸಕ್ಕೆ ಕರೆಯುತ್ತದೆ. ಫ್ರೇಮ್‌ವರ್ಕ್ ನಮ್ಮ ಕೋಡನ್ನು ಕರೆಯುತ್ತದೆ. 2013ರಲ್ಲಿ ಎಲ್ಲರ ಬಳಕೆಗೆ ತೆರೆದುಕೊಂಡ ರಿಯಾಕ್ಟ್ ಇಂದಿಗೂ ತನ್ನನ್ನು ಲೈಬ್ರರಿ ಎಂದೇ ಕರೆದುಕೊಳ್ಳುತ್ತದೆ, ಏಕೆಂದರೆ ಪುಟದಿಂದ ಪುಟಕ್ಕೆ ಸಾಗುವ ರೂಟಿಂಗ್ ಯಾವುದಿರಬೇಕು ಎಂಬಂಥ ಆಯ್ಕೆಯನ್ನು ಅದು ನಮಗೇ ಬಿಡುತ್ತದೆ. ಆಂಗ್ಯುಲರ್ ತನ್ನದನ್ನೇ ಕೊಡುತ್ತದೆ. ಲೈಬ್ರರಿಯೊಂದನ್ನು ನಡುವೆ ಬದಲಿಸುವುದು ಎಷ್ಟೋ ಸಲ ಸಾಧ್ಯ. ಫ್ರೇಮ್‌ವರ್ಕ್ ಬದಲಿಸುವುದೆಂದರೆ ಬಹುಪಾಲು ಕೋಡನ್ನು ಮತ್ತೆ ಬರೆಯುವುದು. ಯೋಜನಾಪತ್ರ ಓದುವವರು ತಿಳಿಯಬೇಕಾದದ್ದು ಇದನ್ನು. ಹಂದರವಾಗಲಿ ಚೌಕಟ್ಟಾಗಲಿ ತಾನಾಗಿ ಇದನ್ನು ಹೇಳುವುದಿಲ್ಲ. ಬಳಕೆಯಲ್ಲಿ ಹೆಚ್ಚು ಪರಿಚಿತವಾದ ‘ಚೌಕಟ್ಟ’ನ್ನೇ ಇಟ್ಟುಕೊಂಡು, ಮೊದಲ ಸಲ ಬಂದಾಗ ಒಂದು ವಾಕ್ಯದಲ್ಲಿ ಬಿಡಿಸಿ ಹೇಳಿ.

ಫೀಚರ್ ವಿಷಯದಲ್ಲಿ ನಿಮ್ಮ ಅನುಮಾನ ಸರಿಯಾಗಿದೆ. ಬಳಸುವವನಿಗೆ ಒದಗಿಸಲು ನಾವು ಯೋಜಿಸುವುದು ‘ಸೌಲಭ್ಯ’. ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ ಎತ್ತಿ ತೋರಿಸುವಾಗ ಮಾತ್ರ ‘ವೈಶಿಷ್ಟ್ಯ’. ಲಾಗಿನ್ ಸೌಲಭ್ಯ; ಸಿದ್ಧ ಅಡ್ಮಿನ್ ಪುಟ ಜ್ಯಾಂಗೊದ ವೈಶಿಷ್ಟ್ಯ. ಫೋನಿನ ಸೆಟ್ಟಿಂಗ್ಸ್ ಪುಟಗಳಲ್ಲಿ ಎಲ್ಲಕ್ಕೂ ವೈಶಿಷ್ಟ್ಯ ಎಂದೇ ಬರೆದು ಆ ಪದದ ಮೊನೆಯನ್ನೇ ಸವೆಸಿದ್ದಾರೆ. ಅದು ನನಗೆ ನಿಜಕ್ಕೂ ನೋವಿನ ಸಂಗತಿ.

ಪ್ರಶ್ನೆ ಕೇಳಿದವನಿಂದ:
ಎಲ್ಲರಿಗೂ ವಂದನೆಗಳು. ವಾಕ್ಯವನ್ನು ಹೀಗೆ ತಿದ್ದಿದ್ದೇನೆ: ‘ಮೊದಲ ಹಂತದ ಸೌಲಭ್ಯಗಳನ್ನು ಗೊತ್ತುಮಾಡಿಕೊಂಡ ಮೇಲೆಯೇ ಚೌಕಟ್ಟನ್ನು, ಅಂದರೆ ನಾವು ಬರೆದ ಕೋಡನ್ನು ಯಾವಾಗ ಓಡಿಸಬೇಕೆಂದು ತಾನೇ ತೀರ್ಮಾನಿಸುವ ಫ್ರೇಮ್‌ವರ್ಕನ್ನು, ಆರಿಸಿಕೊಳ್ಳಬೇಕು.’ ‘ಕಿರುಹಂದರ’ ಈ ಪತ್ರದಲ್ಲಿ ಬರುವುದಿಲ್ಲವಾದರೂ ಬರೆದಿಟ್ಟುಕೊಂಡಿದ್ದೇನೆ. ಲೈಬ್ರರಿಯನ್ನು ಲೈಬ್ರರಿ ಎಂದೇ ಬಿಟ್ಟಿದ್ದೇನೆ. ‘ಗ್ರಂಥಾಲಯ’ ಎಂದರೆ ಓದುವವರು ಪುಸ್ತಕ ಹುಡುಕುತ್ತಾರೆ.