ಗಾಳದವರ ಪುಸ್ತಕದಿಂದ ಹೊಳೆಯ ಮೀನಿನ ಲೆಕ್ಕ ಸಿಗುತ್ತಾ?

ಕೇಳಿದ್ದು: ನಮ್ಮೂರು ಕಾವೇರಿ ದಡದಲ್ಲಿದೆ. ಭಾನುವಾರ ಬಂತೆಂದರೆ ಗಾಳ ಹಿಡಿದು ಕೂರುವವರು ಜಾಸ್ತಿ. ಹೆಚ್ಚಿನವರು ಮೀನನ್ನು ವಾಪಸ್ ಬಿಡುತ್ತಾರೆ. ಆದರೂ ಮೀನು ಕಡಿಮೆಯಾಗುತ್ತಿದೆಯಾ ಇಲ್ಲವಾ ಅಂತ ನಾವೇ ತಿಳಿಯೋದು ಹೇಗೆ? ಮಾಡಿ ನೋಡಿದವರು ಹೇಳಿ.

ಒಬ್ಬರು: ತಿಳಿಯಬಹುದು. ಆದರೆ ಸುಮ್ನೆ ‘ಇವತ್ತು ಐದು ಸಿಕ್ಕಿತು’ ಅಂತ ಬರೆದರೆ ಪ್ರಯೋಜನವಿಲ್ಲ. ಎಷ್ಟು ಗಾಳ, ಎಷ್ಟು ಗಂಟೆ, ಎಷ್ಟು ಮೀನು, ಮೂರೂ ಬೇಕು. ಒಬ್ಬನಿಗೆ ಗಂಟೆಯಲ್ಲಿ ಐದು ಸಿಗೋದೂ ನಾಲ್ಕು ಜನ ಸಂಜೆವರೆಗೆ ಕೂತು ಐದು ಹಿಡಿಯೋದೂ ಒಂದೇ ಅಲ್ಲ ಅಲ್ವಾ? ಬರಿಗೈಲಿ ಬಂದ ದಿನವನ್ನೂ ಬರೆಯಿರಿ. ಅದನ್ನು ಯಾರೂ ಬರೆಯಲ್ಲ, ಪುಸ್ತಕ ನೋಡಿದರೆ ಹೊಳೆ ತುಂಬ ಮೀನೇ ಮೀನು!

ಇನ್ನೊಬ್ಬರು: ಜಾತಿಯನ್ನೂ ಬರೆಯಬೇಕು, ಇಲ್ಲದಿದ್ದರೆ ಲೆಕ್ಕವೇ ದಾರಿ ತಪ್ಪಿಸುತ್ತದೆ. ಕಾವೇರಿ ದಡದ ಗಾಳಿಬೋರೆ ಎಂಬ ಗಾಳದ ಕ್ಯಾಂಪಿನಲ್ಲಿ 1998ರಿಂದ 2012ರವರೆಗೆ ಗಾಳದವರು ಬರೆದಿಟ್ಟದ್ದನ್ನು ಸಂಶೋಧಕರು ಬಿಡಿಸಿ ನೋಡಿದರು. ಸಿಗುವ ಮಹಶೀರ್ ಎಂಬ ದೊಡ್ಡ ಹೊಳೆಮೀನಿನ ಸಂಖ್ಯೆ ಏರುತ್ತಾ ಹೋಗಿತ್ತು. ಇಷ್ಟೇ ನೋಡಿದರೆ ಹಿಡಿದು ಬಿಡುವ ಪದ್ಧತಿ ಗೆದ್ದಿತು ಅನ್ನಬೇಕು. ಆದರೆ ಏರಿದ್ದು ನೀಲಿ ರೆಕ್ಕೆಯ ಮಹಶೀರ್, ಹೊರಗಿನಿಂದ ತಂದು ಬಿಟ್ಟ ಮೀನಿನ ಸಂತತಿ. ಕಾವೇರಿಯದ್ದೇ ಆದ ಡುಬ್ಬದ ಮಹಶೀರ್ ಕರಗುತ್ತಾ ಬಂದಿತ್ತು. ಸಿಕ್ಕ ಕೆಲವೇ ಡುಬ್ಬದ ಮೀನುಗಳು ವರ್ಷ ಹೋದಂತೆ ಇನ್ನೂ ದೊಡ್ಡವಾಗಿರುತ್ತಿದ್ದವು. ಗಾಳದವನಿಗೆ ಅದು ಖುಷಿ, ಹೊಳೆಗೆ ಕೆಟ್ಟ ಸುದ್ದಿ: ಅವುಗಳ ಹಿಂದೆ ಹೊಸ ಮರಿಗಳೇ ಬರುತ್ತಿಲ್ಲ ಅಂತ ಅರ್ಥ. ಈ ಡುಬ್ಬದ ಮಹಶೀರ್ ಟಾರ್ ರೆಮಾದೇವಿ ಎಂಬ ಜಾತಿ ಅಂತ ಖಚಿತವಾಗಿದ್ದೇ 2018ರಲ್ಲಿ. ಈಗ ತೀವ್ರ ಅಳಿವಿನಂಚಿನ ಮೀನುಗಳ ಪಟ್ಟಿಯಲ್ಲಿದೆ. ಹಾಗಾಗಿ ಪ್ರತಿ ಮೀನಿನದ್ದೂ ಬೆನ್ನು, ರೆಕ್ಕೆಯ ಬಣ್ಣ ಕಾಣುವ ಹಾಗೆ ಪಕ್ಕದಿಂದ ಒಂದು ಫೋಟೋ, ಜೊತೆಗೆ ಉದ್ದ.

ಮತ್ತೊಬ್ಬರು: ಉದ್ದ ಅಳೆಯೋಕೆ ಮೀನನ್ನು ದಡದ ಮರಳಿಗೆ ಎಳೆಯಬೇಡಿ. ಗಾಳದ ಕೋಲಿಗೆ ಮೊದಲೇ ಇಂಚಿನ ಗುರುತು ಹಾಕಿಕೊಳ್ಳಿ. ಮೊಣಕಾಲುದ್ದ ನೀರಲ್ಲಿ ನಿಂತು, ಕೈ ಒದ್ದೆ ಮಾಡಿಕೊಂಡು, ಕೋಲನ್ನು ಮೀನಿನ ಪಕ್ಕಕ್ಕೆ ಹಿಡಿದರೆ ಮುಗೀತು. ಒಣಗೈ ತಾಗಿದರೆ ಮೈಮೇಲಿನ ಲೋಳೆ ಕಿತ್ತು ಬರುತ್ತದೆ. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿ, ಬಿಡಿಸೋಕೆ ಸಲೀಸು. ನಿಮ್ಮ ಜಾಗ ಅಭಯಾರಣ್ಯದ ಒಳಗೆ ಬರುತ್ತಾ ಅಂತ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ, ಆಮೇಲೆ ಗಾಳದ ಮಾತು. ಇನ್ನೊಂದು. ರಾತ್ರಿ ಸಿಡಿಮದ್ದು ಹಾಕುವವರು ಕೊಂದ ಮೀನು ಯಾರ ಪುಸ್ತಕಕ್ಕೂ ಬರಲ್ಲ. ಮದ್ದಿನ ಸದ್ದು ಕೇಳಿದ ದಿನಗಳನ್ನೂ ಅದೇ ಪುಸ್ತಕದಲ್ಲಿ ಬರೆದಿಡಿ.