ಸಹಾಯ ಬೇಕು: ಮಲ್ಟಿಮೀಟರ್ ಸರಿ ಅಂತಿದೆ, ಆರ್‌ಸಿಸಿಬಿ ಮಾತ್ರ ಬೀಳ್ತಾನೇ ಇದೆ

ಎಲ್ರಿಗೂ ನಮಸ್ಕಾರ. ಮೈಸೂರು ಕುವೆಂಪುನಗರದಲ್ಲಿ ನಮ್ಮದು ಹಳೇ ಮನೆ. ನಾಲ್ಕು ಹನಿ ಮಳೆ ಬಿದ್ರೆ ಸಾಕು, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಅರ್ತ್‌ಗೆ ಸೋರಿದ್ರೆ ಶಾಕ್ ಹೊಡೀದಂತೆ ಲೈನ್ ಕಟ್ ಮಾಡೋ ಸ್ವಿಚ್) ಟ್ರಿಪ್ ಆಗುತ್ತೆ. ಗೀಸರ್, ಫ್ರಿಜ್, ಮೋಟರ್ ಎಲ್ಲಾ ಬಿಚ್ಚಿ ನೋಡಾಯ್ತು. ಎಂಸಿಬಿ (ಒಂದೊಂದು ಸರ್ಕ್ಯೂಟ್‌ಗೂ ಇರೋ ಬ್ರೇಕರ್ ಸ್ವಿಚ್) ಒಂದೊಂದೇ ಆಫ್ ಮಾಡಿದ್ರೂ ಅದೇ ಕಥೆ. ಅವು ಸಿಂಗಲ್ ಪೋಲ್, ಫೇಸ್ ಮಾತ್ರ ಕಟ್ ಮಾಡೋದು. ಹಾಗಾಗಿ ನ್ಯೂಟ್ರಲ್ಲೇ ಎಲ್ಲೋ ಅರ್ತ್‌ಗೆ ತಾಗ್ತಿರಬೇಕು ಅಂತ ನನ್ನ ಅನುಮಾನ. ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಇಟ್ಟು ‘ವೈರಿಂಗ್ ಚೆನ್ನಾಗಿದೆ, ಆರ್‌ಸಿಸಿಬಿನೇ ತೆಗೆದುಬಿಡಿ ಸಾರ್’ ಅಂದ್ರು. ಮಕ್ಕಳಿರೋ ಮನೆ, ಅದಂತೂ ಆಗದ ಮಾತು.

ಮಲ್ಟಿಮೀಟರ್ ಬ್ಯಾಟರಿಯ ಕೆಲವೇ ವೋಲ್ಟ್‌ನಲ್ಲಿ ನೋಡುತ್ತೆ, ಮೆಗ್ಗರ್ (ವೈರ್ ಇನ್ಸುಲೇಷನ್ ಟೆಸ್ಟ್ ಮಾಡೋ ಮೀಟರ್) 500 ವೋಲ್ಟ್ ಕೊಡುತ್ತೆ, ಅಷ್ಟು ಗೊತ್ತು. ಗೊಂದಲ ಇಷ್ಟೇ: ಮೆಗ್ಗರ್ ಹಾಕೋ ಮುಂಚೆ, ಆ ವೋಲ್ಟೇಜ್‌ಗೆ ಹಾಳಾಗದ ಹಾಗೆ, ಎಲ್‌ಇಡಿ ಬಲ್ಬ್, ಫ್ಯಾನ್ ರೆಗ್ಯುಲೇಟರ್ ಎಲ್ಲಾ ಬಿಚ್ಚಲೇಬೇಕಾ? ಇಲ್ಲಾ ಫೇಸ್, ನ್ಯೂಟ್ರಲ್ ಎರಡನ್ನೂ ಸೇರಿಸಿ ಅರ್ತ್‌ಗೆ ಟೆಸ್ಟ್ ಮಾಡಿದ್ರೆ ಸಾಕಾ?