ಹುಡುಗರನ್ನು ಬೇಗ ಎಫ್1 ಕಾರಿಗೆ ಹತ್ತಿಸುವುದು ಸರಿಯಾ? ಮನೆಯಲ್ಲಿ ಜಗಳ ನಡೆದಿದೆ

ಗುಮ್ಮಟದೂರು ಗೇರ್ (ವಿಜಯಪುರ):

ಎಲ್ಲರಿಗೂ ನಮಸ್ಕಾರ. ಇಲ್ಲಿ ಎಫ್1 (ಫಾರ್ಮುಲಾ ಒನ್ ಕಾರ್ ರೇಸ್) ನೋಡುವವರು ಯಾರಾದರೂ ಇದ್ದೀರಾ? ನಮ್ಮ ಊರಲ್ಲಿ ಸೈಕಲ್ ರೇಸ್ ಅಂದರೆ ಓಣಿಗೆ ಓಣಿಯೇ ಎದ್ದು ಬರುತ್ತದೆ. ಕಾರ್ ರೇಸ್ ಅಂದರೆ "ಸುತ್ತಿದ್ದನ್ನೇ ಸುತ್ತತಾರ, ಅದೇನ್ ನೋಡ್ತೀಯೋ" ಅನ್ನುತ್ತಾರೆ. ಅದಕ್ಕೇ ಇಲ್ಲಿ ಬಂದು ಕೇಳುತ್ತಿದ್ದೇನೆ.

ವಿಷಯ ಇಷ್ಟು. 2026ಕ್ಕೆ ರೆಡ್ ಬುಲ್‌ನವರು ಹಜಾರ್‌ನನ್ನು ವೆರ್ಸ್ಟಾಪನ್ ಪಕ್ಕದ ಸೀಟಿಗೆ ತಂದಿದ್ದಾರೆ. ಅವನಿಗೆ ಎಫ್1ರಲ್ಲಿ ಆಗಿರುವುದು ಒಂದೇ ಸೀಸನ್. ಅವನು ಬಿಟ್ಟ ಜಾಗಕ್ಕೆ, ಅಂದರೆ ರೆಡ್ ಬುಲ್‌ನವರದೇ ಚಿಕ್ಕ ಟೀಮ್ ರೇಸಿಂಗ್ ಬುಲ್ಸ್‌ಗೆ, 18ರ ಲಿಂಡ್‌ಬ್ಲಾಡ್ ಬಂದಿದ್ದಾನೆ. ಎಫ್1ಗಿಂತ ಒಂದು ಮೆಟ್ಟಿಲು ಕೆಳಗಿನ ಎಫ್2 ಅವನು ಓಡಿಸಿದ್ದೂ ಒಂದೇ ವರ್ಷ. 2025ರಲ್ಲಿ ಇದೇ ಸೀಟಿನಿಂದ ಲಾಸನ್‌ನನ್ನು ಎರಡೇ ರೇಸಿಗೆ ಇಳಿಸಿದರು, ಅದನ್ನು ನೋಡಿದ ಮೇಲೂ ಇವರಿಗೆ ಬುದ್ಧಿ ಬರಲಿಲ್ಲವಾ?

ನಮ್ಮ ಕಾಕಾ ಹಳೇ ಸೈಕ್ಲಿಸ್ಟ್. ಜೂನಿಯರ್ ಹುಡುಗರಿಗೆ ಇಷ್ಟೇ ಗೇರ್ ಅಂತ ಮಿತಿ ಇದ್ದ ಕಾಲದವರು. ಕಸುವು ಕೂಡುವ ಮುಂಚೆ ದೊಡ್ಡ ಗೇರ್ ಹಾಕಿದರೆ ಮೊಣಕಾಲು ಹೋಗುತ್ತವೆ, ಆಮೇಲೆ ಆ ಹುಡುಗ ಯಾವ ರೇಸಿಗೂ ಬರುವುದಿಲ್ಲ ಅನ್ನುವುದು ಅವರ ಮಾತು. ಕಾರಿಗೂ ಅದೇ ಲೆಕ್ಕ ಅಂತ ಕೂತಿದ್ದಾರೆ. ವೆರ್ಸ್ಟಾಪನ್ 17ಕ್ಕೇ ಬಂದ, ನಾಲ್ಕು ಸಲ ಚಾಂಪಿಯನ್ ಆದ, ಇನ್ನೇನು ಬೇಕು ಅಂತ ನಾನು. ಕನಿಷ್ಠ ವಯಸ್ಸು 18 ಅಂತ ಇರುವುದನ್ನು 21 ಮಾಡಬೇಕು ಅಂತ ಅವರು. ನೀವೇನಂತೀರಿ?

ಬಾಕ್ಸ್ ಬಾಕ್ಸ್ ಬಾಗಲಕೋಟೆ:

21 ಅಂದರೆ ಮುಗಿದೇ ಹೋಯಿತು ಬ್ರೋ. ನಮ್ಮ ಬೆಂಗಳೂರಿನ ಕುಶ್ ಮೈನಿಯನ್ನೇ ನೋಡಿ. 2023, 24, 25, ಮೂರು ಸೀಸನ್ ಎಫ್2. ಮೊನಾಕೊದಲ್ಲಿ ಸ್ಪ್ರಿಂಟ್ (ಚಿಕ್ಕ ರೇಸ್) ಗೆದ್ದ. ಆಲ್ಪೀನ್ ಎಫ್1 ಟೀಮಿನಲ್ಲಿ ರಿಸರ್ವ್ ಅಂತ ಹೆಸರೂ ಇತ್ತು. ಸೀಟ್ ಸಿಕ್ತಾ? ಎಫ್2ರಲ್ಲಿ ಜಾಸ್ತಿ ವರ್ಷ ಕೂತರೆ ಹಳಬ ಅನ್ನೋ ಹಣೆಪಟ್ಟಿ ಬೀಳುತ್ತದೆ. ಬಾಗಿಲು ತೆರೆದಾಗ ಒಳಗೆ ಹೋಗಿಬಿಡಬೇಕು, ವಯಸ್ಸು ಕೇಳಬಾರದು.

ಉದ್ಯಮಬಾಗ ಮಾಮಾ (ಬೆಳಗಾವಿ):

ತಮ್ಮಾ, ಪ್ರಶ್ನೆ ಚಲೋ ಕೇಳಿದ್ದೀ. ಆದರೆ ನೀನೂ ನಿಮ್ಮ ಕಾಕಾನೂ ಇಬ್ಬರೂ ವಯಸ್ಸಿನ ಹಿಂದೆ ಬಿದ್ದಿದ್ದೀರಿ. ಹುಡುಗ ಎಷ್ಟು ಕಿಲೋಮೀಟರ್ ಓಡಿಸಿ ಬಂದ, ಯಾವ ಸೀಟಿಗೆ ಬಂದ ಅಂತ ಕೇಳು. ಬರ್ತ್ ಸರ್ಟಿಫಿಕೇಟ್ ಆಮೇಲೆ ನೋಡಿದರೆ ಆಯಿತು.

ನಾನು ಹಕ್ಕಿನೆನ್ ಕಾಲದಿಂದ ನೋಡುತ್ತಿರುವವನು. ಆಗ ನಮ್ಮ ಕೇಬಲ್‌ನವನು ರೇಸ್ ಅರ್ಧಕ್ಕೆ ಬಂದಾಗ ಸರಿಯಾಗಿ ಸಿನಿಮಾ ಹಾಕುತ್ತಿದ್ದ. ಈಗ ಫ್ಯಾನ್‌ಕೋಡ್ ಆ್ಯಪ್ ಇದೆ. ಯುರೋಪಿನ ರೇಸ್ ಸಂಜೆ ಆರೂವರೆಗೆ, ಚಹಾ ಹಿಡಿದು ಕೂತರೆ ಆಯಿತು. ಅದಿರಲಿ.

2001ರಲ್ಲಿ ರೈಕೊನೆನ್ ಸೌಬರ್ ಟೀಮಿಗೆ ಬಂದಾಗ ಅವನು ಕಾರ್ ರೇಸ್ ಓಡಿಸಿದ್ದೇ 23. ಈ ರೇಸಿಗೆಲ್ಲ ನಿಯಮ ಮಾಡುವ ಎಫ್‌ಐಎ ಸಂಸ್ಥೆಯ ಆಗಿನ ಅಧ್ಯಕ್ಷ ಮೋಸ್ಲಿ ಅವರೇ ಲೈಸೆನ್ಸ್ ಕೊಡಬಾರದು ಅಂತ ಹಟ ಹಿಡಿದಿದ್ದರು. ಮೆಲ್ಬೋರ್ನ್‌ನಲ್ಲಿ ಮೊದಲ ರೇಸಿಗೇ ಆರನೇ ಸ್ಥಾನ. 2007ರಲ್ಲಿ ಹ್ಯಾಮಿಲ್ಟನ್ ಬಂದು ಮೊದಲ ಒಂಬತ್ತು ರೇಸಿಗೂ ಪೋಡಿಯಂ (ಮೊದಲ ಮೂವರ ವೇದಿಕೆ) ಹತ್ತಿದ. ಒಂದೇ ಪಾಯಿಂಟಿನಲ್ಲಿ ಚಾಂಪಿಯನ್‌ಶಿಪ್ ತಪ್ಪಿತು. ಇವರು ಹುಟ್ಟಾ ಪ್ರತಿಭಾವಂತರು, ಸರಿ. ಆದರೆ ಆಗ ಟೆಸ್ಟಿಂಗ್ ಇತ್ತು. ಹ್ಯಾಮಿಲ್ಟನ್ ರೇಸಿಗೆ ನಿಲ್ಲುವ ಮುಂಚೆ ಮೆಕ್‌ಲಾರೆನ್ ಕಾರನ್ನು ಸಾವಿರಾರು ಕಿಲೋಮೀಟರ್ ಓಡಿಸಿದ್ದ.

2009ರಿಂದ ಖರ್ಚು ಉಳಿಸಬೇಕು ಅಂತ ಸೀಸನ್ ನಡುವಿನ ಟೆಸ್ಟಿಂಗ್ ಹೆಚ್ಚುಕಡಿಮೆ ನಿಂತೇಹೋಯಿತು. 2025ರಲ್ಲಿ ಸೀಸನ್‌ಗೆ ಮುಂಚೆ ಬಹ್ರೇನ್‌ನಲ್ಲಿ ಮೂರು ದಿನ ಟೆಸ್ಟ್. ಟೀಮಿಗೆ ಒಂದೇ ಕಾರು, ಡ್ರೈವರ್ ಇಬ್ಬರು. ಅಂದರೆ ಒಬ್ಬೊಬ್ಬನಿಗೆ ಒಂದೂವರೆ ದಿನ! ನಮ್ಮಲ್ಲಿ ಡ್ರೈವಿಂಗ್ ಸ್ಕೂಲಿನವರೂ ಇದಕ್ಕಿಂತ ಜಾಸ್ತಿ ಕಲಿಸುತ್ತಾರೆ.

ಈಗ ನಿನ್ನ ಲಾಸನ್ ಕಥೆಗೆ ಬರೋಣ. ಮೆಲ್ಬೋರ್ನ್‌ನಲ್ಲಿ ಅವನು ಅದಕ್ಕೂ ಮುಂಚೆ ಎಫ್1 ರೇಸ್ ಓಡಿಸಿರಲಿಲ್ಲ. ಶನಿವಾರದ ಪ್ರಾಕ್ಟೀಸ್ ಎಂಜಿನ್ ತೊಂದರೆಯಲ್ಲಿ ಹೋಯಿತು. ರೇಸಿಗೆ ಯಾರು ಎಲ್ಲಿಂದ ಹೊರಡಬೇಕು ಅಂತ ತೀರ್ಮಾನಿಸುವ ಕ್ವಾಲಿಫೈಯಿಂಗ್‌ನಲ್ಲಿ ಮೊದಲ ಸುತ್ತಿಗೇ ಔಟ್, ಭಾನುವಾರ ಮಳೆಯಲ್ಲಿ ಗೋಡೆಗೆ ಹೊಡೆದ. ಮರುವಾರ ಶಾಂಘೈ. ಅದೂ ಅವನಿಗೆ ಹೊಸ ಟ್ರ್ಯಾಕ್, ಮೇಲಿಂದ ಸ್ಪ್ರಿಂಟ್ ವೀಕೆಂಡ್. ಮಾಮೂಲಿ ವೀಕೆಂಡ್‌ನಲ್ಲಿ ಪ್ರಾಕ್ಟೀಸ್ ಮೂರು ಗಂಟೆ, ಸ್ಪ್ರಿಂಟ್ ಇದ್ದರೆ ಒಂದೇ ಗಂಟೆ. ಅದು ಮುಗಿದ ಕೂಡಲೇ ಟೈಮ್ ಲೆಕ್ಕಕ್ಕೆ ಬರುತ್ತದೆ. ಸ್ಪ್ರಿಂಟ್‌ದು, ರೇಸಿನದು, ಎರಡೂ ಕ್ವಾಲಿಫೈಯಿಂಗ್‌ನಲ್ಲಿ ಕೊನೆಗೆ ನಿಂತ. ಮೂರನೇ ರೇಸಿಗೆ ಸೀಟ್ ತ್ಸುನೋಡಾಗೆ ಹೋಯಿತು.

ಅದೇ ಲಾಸನ್ ರೇಸಿಂಗ್ ಬುಲ್ಸ್‌ಗೆ ವಾಪಸ್ ಹೋಗಿ ಬಾಕುವಿನಲ್ಲಿ ಮೂರನೇ ಜಾಗದಿಂದ ಹೊರಟು ಐದನೆಯವನಾಗಿ ಬಂದ. ಆರು ತಿಂಗಳಲ್ಲಿ ಹುಡುಗನ ವಯಸ್ಸು ಏನಾದರೂ ಏರಿತಾ? ಕಾರು ಬೇರೆ, ಅಷ್ಟೇ. ಗ್ಯಾಸ್ಲಿಯದೂ ಇದೇ ಹಣೆಬರಹ. 2019ರಲ್ಲಿ 12 ರೇಸ್ ಆದ ಮೇಲೆ ರೆಡ್ ಬುಲ್ ಸೀಟಿನಿಂದ ಇಳಿಸಿದರು, ಮರುವರ್ಷ ಮೊಂಜಾದಲ್ಲಿ ಚಿಕ್ಕ ಟೀಮಿನ ಕಾರಿನಲ್ಲಿ ಗೆದ್ದ. ರೆಡ್ ಬುಲ್‌ನ ಆ ಎರಡನೇ ಕಾರಿನ ಮೂತಿ ವೆರ್ಸ್ಟಾಪನ್‌ಗೆ ಬೇಕಾದಂತೆ ತಿರುಗುತ್ತಿತ್ತು, ಹಿಂಭಾಗ ಜಾರುತ್ತಿತ್ತು. ಉಳಿದವರ ಕೈಗೆ ಅದು ಸಿಗುತ್ತಿರಲಿಲ್ಲ. ಪೆರೆಸ್‌ನಂಥ ಅನುಭವಸ್ಥನಿಗೂ ಕೊನೆಕೊನೆಗೆ ಆಗಲಿಲ್ಲ.

ಇನ್ನೊಂದು ಹೇಳುತ್ತೇನೆ. ನನಗೆ ಇದು ಬಹಳ ಕೆಟ್ಟದಾಗಿ ಕಂಡಿದ್ದು. 2025ರ ಸುಜುಕಾ, ಆಲ್ಪೀನ್‌ನ ಡೂಹನ್. ಶುಕ್ರವಾರದ ಮೊದಲ ಪ್ರಾಕ್ಟೀಸ್‌ನಲ್ಲಿ ಅವನ ಕಾರನ್ನು ಹಿರಾಕಾವಾಗೆ ಕೊಟ್ಟರು. ಎರಡನೇ ಪ್ರಾಕ್ಟೀಸ್‌ಗೆ ಇವನು ಬಂದ. 2025ರವರೆಗೆ ಕಾರಿನಲ್ಲಿ ಡಿಆರ್‌ಎಸ್ ಅಂತ ಇತ್ತು, ನೇರ ದಾರಿಯಲ್ಲಿ ವೇಗಕ್ಕೆ ಅಂತ ಅದನ್ನು ತೆರೆದರೆ ಹಿಂದಿನ ರೆಕ್ಕೆಯ ಪಟ್ಟಿ ಮೇಲೇಳುತ್ತಿತ್ತು, ಗಾಳಿಯ ಒತ್ತು ಹೋಗುತ್ತಿತ್ತು. ಬ್ರೇಕ್ ಮುಟ್ಟಿದರೆ ತಾನೇ ಮುಚ್ಚುತ್ತಿತ್ತು, ಇಲ್ಲವಾದರೆ ಬಟನ್ ಒತ್ತಿ ಮುಚ್ಚಬೇಕಿತ್ತು. ಸುಜುಕಾದ ಮೊದಲ ತಿರುವಿಗೆ ಬ್ರೇಕ್ ಒತ್ತದೆ ವೇಗದಲ್ಲೇ ಒಳಗೆ ಹೋಗುತ್ತಾರೆ. ಇವನ ರೆಕ್ಕೆ ತೆರೆದೇ ಇತ್ತು. ಹಿಂದಿನ ಚಕ್ರ ಕಿತ್ತುಕೊಂಡು ಹೋದ ಹಾಗೆ ತಿರುಗಿ ಟೈರ್ ಗೋಡೆಗೆ ಹೋದ. ಪುಣ್ಯ, ನಡೆದುಕೊಂಡೇ ಹೊರಗೆ ಬಂದ. ಆ ಬೆಳಿಗ್ಗೆಯ ಒಂದು ಗಂಟೆ ಅವನಿಗೇ ಕೊಟ್ಟಿದ್ದರೆ? ಆರು ರೇಸ್ ಆದ ಮೇಲೆ ಅವನನ್ನೂ ಇಳಿಸಿ ಕೊಲಾಪಿಂಟೊನನ್ನು ತಂದರು.

ಅಥಣಿ ಅಕ್ಕ:

ಮಾಮಾ ಹೇಳಿದ್ದು ಪೂರ್ತಿ ಒಪ್ಪಲ್ಲ. ವಯಸ್ಸು ಲೆಕ್ಕಕ್ಕೇ ಇಲ್ಲ ಅಂದರೆ ಹೇಗೆ? ಅಲ್ಗ್ವೆರ್ಸುವಾರಿ ನೆನಪಿದೆಯಾ? 2009ರ ಹಂಗೇರಿ, 19 ವರ್ಷ. ಅದಕ್ಕೂ ಮುಂಚೆ ಎಫ್1 ಕಾರನ್ನು ಬರೀ ನೇರ ದಾರಿಯಲ್ಲಿ ಓಡಿಸಿದ್ದ, ತಿರುವೇ ಹಾಕಿರಲಿಲ್ಲ. 2011 ಮುಗಿಯುತ್ತಿದ್ದ ಹಾಗೆ ಟೋರೊ ರೊಸ್ಸೊದವರು (ಈಗಿನ ರೇಸಿಂಗ್ ಬುಲ್ಸ್‌ನ ಹಳೇ ಹೆಸರು) ಕೈಬಿಟ್ಟರು. 25ಕ್ಕೆ ರೇಸಿಂಗೇ ಬಿಟ್ಟು ಡಿಜೆ ಆದ. ಬೇರೆಯವರು ಶುರು ಮಾಡುವ ವಯಸ್ಸಿಗೆ ಇವನದು ಮುಗಿದಿತ್ತು.

ನಾನು ಹೈಸ್ಕೂಲ್ ಟೀಚರ್. 17-18ರ ಮಕ್ಕಳು ತಪ್ಪು ಮಾಡುವುದು ಸಹಜ, ಆದರೆ ಇವರು ಮಾಡುವ ತಪ್ಪನ್ನು ಇಡೀ ಜಗತ್ತು ನೋಡುತ್ತಿರುತ್ತದೆ. 2025ರಲ್ಲಿ ಹಜಾರ್ ಮೆಲ್ಬೋರ್ನ್‌ನಲ್ಲಿ ರೇಸ್ ಶುರುವಾಗುವ ಮುಂಚೆ, ಫಾರ್ಮೇಶನ್ ಲ್ಯಾಪ್‌ನಲ್ಲೇ ಗೋಡೆಗೆ ಹೊಡೆದ. ಹೆಲ್ಮೆಟ್ ತೆಗೆಯದೇ ಅಳುತ್ತಾ ಬರುತ್ತಿದ್ದ. ಹ್ಯಾಮಿಲ್ಟನ್ ಅಪ್ಪ ಹೋಗಿ ತಬ್ಬಿಕೊಂಡರು. ಅವನದೇ ರೆಡ್ ಬುಲ್ ಕಡೆಯ ಮಾರ್ಕೊ ಅದು ಮುಜುಗರ ತರಿಸಿತು ಅಂತ ಟೀವಿಯಲ್ಲಿ ಹೇಳಿದರು. ನನಗೆ ಆ ಮಾತು ಕೇಳಿ ಸಿಟ್ಟು ಬಂತು. ನಮ್ಮ ಸ್ಟಾಫ್ ರೂಮಿನಲ್ಲೂ ಇಂಥವರಿದ್ದಾರೆ ಬಿಡಿ.

ಗುಮ್ಮಟದೂರು ಗೇರ್:

ಅಕ್ಕ ಹೇಳಿದ್ದನ್ನು ಕಾಕಾಗೆ ಓದಿದೆ. "ನೋಡ್ದ್ಯಾ" ಅಂತ ಮೀಸೆ ತಿರುವಿದರು. ಮಾಮಾ, ಹಾಗಾದರೆ ವೆರ್ಸ್ಟಾಪನ್‌ಗೆ ಟೆಸ್ಟಿಂಗ್ ಎಲ್ಲಿ ಸಿಕ್ಕಿತ್ತು? ಅವನೂ 2009ರ ನಂತರ ಬಂದವನೇ ಅಲ್ವಾ? ಮತ್ತೆ ಮರ್ಸಿಡಿಸ್‌ನ ಆಂಟೊನೆಲ್ಲಿ? ಅವನಂತೂ ಎಫ್2ಗಿಂತ ಕೆಳಗಿನ ಎಫ್3 ಮೆಟ್ಟಿಲನ್ನೇ ಬಿಟ್ಟು ನೇರ ಎಫ್2ಗೆ ಹಾರಿದವನು.

ಉದ್ಯಮಬಾಗ ಮಾಮಾ:

ಟೀಚರಮ್ಮಾ, ಅಲ್ಗ್ವೆರ್ಸುವಾರಿ ಹೆಸರು ತೆಗೆದು ನೀವು ನನ್ನ ಕಡೆಯೇ ಸಾಕ್ಷಿ ಹೇಳಿದಿರಿ. ಒಂದು ತಿರುವೂ ಹಾಕದೆ ಬಂದ ಅಂದಿರಲ್ಲ, ಅದೇ ನನ್ನ ತಕರಾರು. ನಮ್ಮ ಕರುಣ್ ಚಂದೋಕ್ 2010ರಲ್ಲಿ ಬಹ್ರೇನ್‌ಗೆ ಬಂದಾಗ ವಯಸ್ಸು 26. ಎಚ್‌ಆರ್‌ಟಿ ಟೀಮಿನ ಕಾರು ಸಿದ್ಧವೇ ಇರಲಿಲ್ಲ. ಮೂರೂ ಪ್ರಾಕ್ಟೀಸ್ ಹೋದವು. ಅವರು ಆ ಕಾರಿನಲ್ಲಿ ಮೊದಲ ಸಲ ಟ್ರ್ಯಾಕಿಗೆ ಇಳಿದದ್ದು ಕ್ವಾಲಿಫೈಯಿಂಗ್‌ನಲ್ಲಿ! ರೇಸ್ ಶುರುವಿನಲ್ಲೇ ಮುಗಿಯಿತು. 26 ಆಗಿದ್ದಕ್ಕೆ ಏನು ಲಾಭ ಆಯಿತು? ಡೆ ವ್ರೀಸ್ ಎಫ್2 ಚಾಂಪಿಯನ್, 2023ರಲ್ಲಿ 28 ವರ್ಷ, ಹತ್ತು ರೇಸಿಗೆ ಮನೆಗೆ ಕಳಿಸಿದರು.

ಮಾರ್ಕೊ ಮಾತಿನ ಬಗ್ಗೆ ಮಾತ್ರ ನೂರಕ್ಕೆ ನೂರು ನಿಮ್ಮ ಕಡೆ. ಅದೇ ಹಜಾರ್ ಆಗಸ್ಟ್ ಕೊನೆಗೆ ಜಾಂಡ್‌ವೂರ್ಟ್‌ನಲ್ಲಿ ಮೂರನೆಯವನಾಗಿ ಬಂದ. ಖುಷಿಯಲ್ಲಿ ಫೋಟೊ ತೆಗೆಸಿಕೊಳ್ಳುವಾಗ ಪಿಂಗಾಣಿ ಟ್ರೋಫಿ ಕೈಯಲ್ಲೇ ಮುರಿಯಿತು, ನಕ್ಕೂ ನಕ್ಕೂ ಸಾಕಾಯಿತು.

ತಮ್ಮಾ, ವೆರ್ಸ್ಟಾಪನ್ ವಿಷಯ. ಅವನು 2014ರಲ್ಲಿ ಎಫ್3 ಒಂದೇ ಸೀಸನ್ ಓಡಿಸಿದ, ನಿಜ. ಆದರೆ ಆ ವರ್ಷವೇ ಸುಜುಕಾ, ಆಸ್ಟಿನ್, ಸಾವೊ ಪಾಲೊ ಮೂರೂ ಕಡೆ ಶುಕ್ರವಾರದ ಪ್ರಾಕ್ಟೀಸ್‌ಗೆ ಎಫ್1 ಕಾರಿನಲ್ಲಿ ಕೂರಿಸಿದರು. ಆಮೇಲೆ ಸೀಟ್ ಕೊಟ್ಟಿದ್ದು ಟೋರೊ ರೊಸ್ಸೊದಲ್ಲಿ. ಅಲ್ಲಿ ತಪ್ಪು ಮಾಡಿದರೂ ಯಾರೂ ಚಾಂಪಿಯನ್‌ಶಿಪ್ ಲೆಕ್ಕ ಕೇಳುವುದಿಲ್ಲ. 23 ರೇಸ್ ಅಲ್ಲೇ ಓಡಿಸಿ ದೊಡ್ಡ ಕಾರಿಗೆ ಬಂದ. ಬಂದ ದಿನವೇ ಸ್ಪೇನ್‌ನಲ್ಲಿ ಗೆದ್ದ. ಅಂದಹಾಗೆ, ಮೊದಲ ಸೀಸನ್ ಬಹುಪಾಲು ಅವನ ಹತ್ತಿರ ರಸ್ತೆ ಮೇಲೆ ಕಾರ್ ಓಡಿಸುವ ಲೈಸೆನ್ಸೇ ಇರಲಿಲ್ಲ. 18 ತುಂಬಿದ ದಿನ ತಗೊಂಡ. ನಮ್ಮ ಕಡೆ 17ರ ಮಗನಿಗೆ ಬೈಕ್ ಕೊಟ್ಟರೆ ಅಪ್ಪನಿಗೆ 25,000 ದಂಡ. 18ರ ನಿಯಮ, ಎಫ್1 ಲೈಸೆನ್ಸಿಗೆ ಕೆಳಗಿನ ರೇಸ್‌ಗಳಲ್ಲಿ ಮೂರು ವರ್ಷದಲ್ಲಿ 40 ಪಾಯಿಂಟ್ ಗಳಿಸಬೇಕು ಅನ್ನೋದು, ಇವೆಲ್ಲ ಅವನು ಬಂದ ಮೇಲೆ ಎಫ್‌ಐಎ ತಂದದ್ದು.

ಆಂಟೊನೆಲ್ಲಿ ನನ್ನ ಪಕ್ಕಾ ಉದಾಹರಣೆ. 2024ರ ಮೊಂಜಾದಲ್ಲಿ ರಸೆಲ್ ಕಾರು ಕೊಟ್ಟರು. 18 ತುಂಬಿ ಒಂದು ವಾರವೂ ಆಗಿರಲಿಲ್ಲ. ಹತ್ತು ನಿಮಿಷದಲ್ಲಿ ಪರಾಬೋಲಿಕಾ ತಿರುವಿನಲ್ಲಿ ಗೋಡೆಗೆ ಹಾಕಿದ. ಬೇರೆ ಟೀಮ್ ಆಗಿದ್ದರೆ ಅಲ್ಲಿಗೇ ಕೈತೊಳೆದುಕೊಳ್ಳುತ್ತಿತ್ತು. ಮರ್ಸಿಡಿಸ್ ಮರುದಿನವೇ 2025ಕ್ಕೆ ಇವನೇ ಅಂತ ಘೋಷಿಸಿತು. ಯಾಕೆ ಅಂದರೆ, ಆ ವರ್ಷವೆಲ್ಲ ಅವನನ್ನು ಹಳೇ ಎಫ್1 ಕಾರಿನಲ್ಲಿ ಒಂದೊಂದು ಟ್ರ್ಯಾಕಿಗೆ ಕರೆದುಕೊಂಡು ಹೋಗಿ ಓಡಿಸಿದ್ದರು. ಹುಡುಗ ಏನು ಅಂತ ಅವರಿಗೆ ಗೊತ್ತಿತ್ತು. 2025ರ ನಡುವೆ ಯುರೋಪಿನಲ್ಲಿ ಅವನು ತೀರಾ ಮಂಕಾದ. ಆ ಹೊತ್ತಿಗೆ ತಂದ ಹೊಸ ಹಿಂದಿನ ಸಸ್ಪೆನ್ಶನ್ನೇ ಕಾರಿನ ಮೇಲಿನ ನಂಬಿಕೆ ಕೆಡಿಸಿತ್ತು, ಹಂಗೇರಿಯಲ್ಲಿ ಅದನ್ನು ಬಿಚ್ಚಿ ಹಳೆಯದನ್ನು ಹಾಕಿದರು. ಬ್ರೆಜಿಲ್‌ನಲ್ಲಿ ಎರಡನೇ ಸ್ಥಾನ, ವರ್ಷದ ಕೊನೆಗೆ ಪಟ್ಟಿಯಲ್ಲಿ ಏಳನೆಯವ. ಇದರ ನಡುವೆ ಶಾಲೆಯ ಪರೀಕ್ಷೆ ಬೇರೆ ಬರೆದ!

ಬಾಗಲಕೋಟೆ ತಮ್ಮಾ, ಬಾಗಿಲು ತೆರೆದಾಗ ಒಳಗೆ ಹೋಗಬೇಕು ಅಂದೆ. ಹುಡುಗನ ಕಡೆಯಿಂದ ಅದು ಸರಿ. ಬೇಡ ಅನ್ನೋಕೆ ಯಾರಿಗೆ ಧೈರ್ಯ? ಲಾಸನ್ ಒಲ್ಲೆ ಅಂದಿದ್ದರೆ ಇನ್ನೊಬ್ಬ ಸಾಲಿನಲ್ಲಿದ್ದ. ಅದಕ್ಕೇ ಇದನ್ನು ಟೀಮಿನವರಿಗೆ ಕೇಳಬೇಕು. ಹಳೇ ಕಾರಿನಲ್ಲಿ ಓಡಿಸಲು ಬರುತ್ತದೆ, ಶುಕ್ರವಾರದ ಪ್ರಾಕ್ಟೀಸ್ ಕೊಡಲು ಬರುತ್ತದೆ. 2025ರಿಂದ ಪ್ರತಿ ಕಾರನ್ನೂ ವರ್ಷಕ್ಕೆ ಎರಡು ಪ್ರಾಕ್ಟೀಸ್ ಹೊಸಬರಿಗೇ ಕೊಡಬೇಕು ಅಂತ ನಿಯಮವಿದೆ, ಮೊದಲು ಅದು ಒಂದಿತ್ತು. ನನ್ನ ಕೇಳಿದರೆ ಆರು ಮಾಡಲಿ.

ಬಾಕ್ಸ್ ಬಾಕ್ಸ್ ಬಾಗಲಕೋಟೆ:

ಆರಾ? ಆಮೇಲೆ ಡೂಹನ್ ಥರ ರೇಸ್ ಡ್ರೈವರಿಗೇ ಪ್ರಾಕ್ಟೀಸ್ ಇಲ್ಲದಂತಾಗುತ್ತದಲ್ಲ ಮಾಮಾ 😄 ನೀವೇ ಹೇಳಿದ್ದು.

ಉದ್ಯಮಬಾಗ ಮಾಮಾ:

ಹುಷಾರಿದ್ದೀ. ಹಾಗಾದರೆ ಶುಕ್ರವಾರದ್ದು ಬಿಡು, ಸೋಮವಾರ ಅದೇ ಟ್ರ್ಯಾಕಿನಲ್ಲಿ ಹೊಸ ಹುಡುಗರಿಗೆ ಒಂದು ದಿನ ಕೊಡಲಿ. ಟ್ರಕ್ಕು, ಟೈರು, ಮೆಕ್ಯಾನಿಕ್ ಎಲ್ಲಾ ಅಲ್ಲೇ ಇರುತ್ತವೆ. ಒಂದು ರಾತ್ರಿಯ ಹೋಟೆಲ್ ಬಿಲ್ ಜಾಸ್ತಿ ಆಗುತ್ತದೆ, ಆಗಲಿ.

ಗುಮ್ಮಟದೂರು ಗೇರ್:

ಕಾಕಾ 21ರಿಂದ 19ಕ್ಕೆ ಇಳಿದಿದ್ದಾರೆ, ಅದಕ್ಕಿಂತ ಕೆಳಗೆ ಬರಲ್ಲವಂತೆ. ಮಾಮಾ, ಹಜಾರ್ ಬಗ್ಗೆ ಮಾತ್ರ ನೀವು ಹೇಳಲೇ ಇಲ್ಲ. ಉಳಿಯುತ್ತಾನಾ?

ಉದ್ಯಮಬಾಗ ಮಾಮಾ:

2026ಕ್ಕೆ ನಿಯಮ ಎಲ್ಲಾ ಹೊಸದು, ಕಾರೂ ಹೊಸದು, ಟೆಸ್ಟಿಂಗ್ ದಿನಗಳೂ ಈ ಸಲ ಜಾಸ್ತಿ. ವೆರ್ಸ್ಟಾಪನ್‌ಗೂ ಅವನಿಗೂ ಕಾರು ಒಂದೇ ದಿನ ಕೈಗೆ ಸಿಕ್ಕಿದೆ. ಲಾಸನ್‌ಗೆ ಆ ಅನುಕೂಲ ಇರಲಿಲ್ಲ. ಎರಡನೇ ರೇಸ್ ಮತ್ತೆ ಶಾಂಘೈ, ಮತ್ತೆ ಸ್ಪ್ರಿಂಟ್, ಮತ್ತೆ ಒಂದೇ ಗಂಟೆ ಪ್ರಾಕ್ಟೀಸ್. ಅಲ್ಲಿ ವೆರ್ಸ್ಟಾಪನ್‌ಗಿಂತ ಎಷ್ಟು ಹಿಂದೆ ನಿಲ್ಲುತ್ತಾನೆ ಅಂತ ನೋಡೋಣ. ಅರ್ಧ ಸೆಕೆಂಡ್ ಒಳಗಿದ್ದರೆ ವರ್ಷ ಪೂರ್ತಿ ಉಳಿಯುತ್ತಾನೆ ಅಂತ ಒಂದು ಕುಂದಾ ಡಬ್ಬಿ ಪಣ. ಕಾಕಾ ಸೋತರೆ ಏನು ಕಳಿಸುತ್ತಾರೆ ಕೇಳು.